ನನ್ನ ಕಂಪ್ಯೂಟರಲ್ಲಿ ಓಡುತ್ತೆ, ಅವನದ್ರಲ್ಲಿ ಯಾಕೆ ಓಡಲ್ಲ?

ಓಪನ್ ಸೋರ್ಸ್ ಸಾಫ್ಟ್‌ವೇರನ್ನ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರಕ್ಕೂ ಬಿಲ್ಡ್ ಮಾಡೋರು (ಅಂದ್ರೆ ಕೋಡನ್ನ ಓಡೋ ಫೈಲಾಗಿ ಮಾಡೋರು) ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ವಿ. ಬಂದಿದ್ರಲ್ಲಿ ಕೋಡ್ ಬರೆಯೋದ್ರ ಬಗ್ಗೆ ಕೇಳಿದೋರು ಬೆರಳೆಣಿಕೆ ಜನ, ಉಳಿದೋರೆಲ್ಲ ಬೇರೆಯವರು ಬರೆದಿಟ್ಟ ರೆಡಿ ಕೋಡ್, ಅಂದ್ರೆ ಲೈಬ್ರರಿಗಳ ಕೈಲಿ ಸಿಕ್ಕಿ ಒದ್ದಾಡ್ತಿರೋರೇ. ನನಗೇನೂ ಆಶ್ಚರ್ಯ ಆಗ್ಲಿಲ್ಲ, ನಾನೂ ಅದೇ ಗುಂಪಿನವನು. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ, ಹೆಸರು ಬಿಟ್ಟು, ಇಲ್ಲಿ ಉತ್ತರ ಕೊಟ್ಟಿದೀನಿ.

ಪ್ರಶ್ನೆ: ಸರ್, ಫೋಟೋ ಸೈಜ್ ಕಮ್ಮಿ ಮಾಡೋ ಸಣ್ಣ ಟೂಲ್ ಒಂದನ್ನ ಸಿ++ ನಲ್ಲಿ ಬರೆದಿದೀನಿ. ನನ್ನದು ಉಬುಂಟು 22.04, ಅಲ್ಲಿ ಚೆನ್ನಾಗಿ ಓಡುತ್ತೆ. ಅದೇ ಫೈಲನ್ನ ಫ್ರೆಂಡ್‌ಗೆ ಕೊಟ್ರೆ ಅವನ ಉಬುಂಟು 20.04 ರಲ್ಲಿ 'ಜಿಲಿಬ್‌ಸಿ 2.34 ನಾಟ್ ಫೌಂಡ್' ಅಂತ ಬರುತ್ತೆ. ನಾನು ಹೊಸ ಫಂಕ್ಷನ್ ಯಾವುದನ್ನೂ ಬಳಸಿಲ್ಲ, ಆಣೆಗೂ. ಜಿಲಿಬ್‌ಸಿನೂ ಜೊತೆಗೇ ಜಿಪ್ ಮಾಡಿ ಕೊಟ್ಬಿಡ್ಲಾ?

ಉತ್ತರ: ಬೇಡ, ಅದೊಂದು ಮಾಡ್ಬೇಡಿ. ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಗೂ ಪ್ರೋಗ್ರಾಮನ್ನ ಮೆಮರಿಗೆ ಎತ್ತಿ ಹಾಕೋ ಲೋಡರ್‌ಗೂ ಜೋಡಿ ಸರಿಯಾಗಿ ಕೂಡಿರ್ಬೇಕು, ಒಂದು ನಿಮ್ದು ಒಂದು ಅವನ ಸಿಸ್ಟಮ್ಮಿಂದು ಅಂತಾದ್ರೆ ಮೇನ್ ಫಂಕ್ಷನ್ ತಲುಪೋ ಮುಂಚೆನೇ ಕ್ರ್ಯಾಶ್ ಆಗುತ್ತೆ, ಆಮೇಲೆ ಅದನ್ನ ಡೀಬಗ್ ಮಾಡ್ತಾ ಕೂರೋದು ಯಾರ ಹಣೆಬರಹಕ್ಕೂ ಬೇಡ.

ನೀವು ಹೊಸ ಫಂಕ್ಷನ್ ಬಳಸಿಲ್ಲ ಅನ್ನೋದನ್ನ ನಂಬ್ತೀನಿ. ಆದ್ರೆ ಜಿಲಿಬ್‌ಸಿ ಒಳಗೆ ಪ್ರತಿ ಫಂಕ್ಷನ್‌ಗೂ ಒಂದು ವರ್ಷನ್ ಚೀಟಿ ಅಂಟಿಸಿರ್ತಾರೆ, ಲಿಂಕ್ ಮಾಡೋವಾಗ, ಅಂದ್ರೆ ನಿಮ್ಮ ಕೋಡನ್ನ ಲೈಬ್ರರಿಗೆ ಜೋಡಿಸೋವಾಗ, ಆ ಸಿಸ್ಟಮ್ಮಲ್ಲಿರೋ ಲೇಟೆಸ್ಟ್ ಚೀಟಿನೇ ನಿಮ್ಮ ಬೈನರಿಗೆ (ಬಿಲ್ಡ್ ಆದ ಫೈಲಿಗೆ) ಬಂದು ಕೂತ್ಕೊಳ್ಳುತ್ತೆ. 2021ರ ಆಗಸ್ಟ್‌ನಲ್ಲಿ ಬಂದ 2.34 ರಲ್ಲಿ ಥ್ರೆಡ್ ಲೈಬ್ರರಿನ ಮುಖ್ಯ ಲೈಬ್ರರಿ ಒಳಗೇ ಸೇರಿಸಿದ್ರು, ಅದ್ರ ಜೊತೆಗೆ ಮೇನ್‌ನ ಕರೆಯೋ ಸ್ಟಾರ್ಟಪ್ ಫಂಕ್ಷನ್‌ಗೂ ಹೊಸ ಚೀಟಿ ಬಿತ್ತು. ಅಂದ್ರೆ 2.34 ಅಥವಾ ಅದಕ್ಕಿಂತ ಹೊಸ ಜಿಲಿಬ್‌ಸಿ ಇರೋ ಸಿಸ್ಟಮ್ಮಲ್ಲಿ ಸಾಮಾನ್ಯವಾಗಿ ಬಿಲ್ಡ್ ಮಾಡಿದ್ರೆ, ಬರೀ 'ನಮಸ್ಕಾರ' ಅಂತ ಪ್ರಿಂಟ್ ಮಾಡೋ ಪ್ರೋಗ್ರಾಮ್ ಕೂಡ 2.34 ಬೇಕೇ ಬೇಕು ಅನ್ನುತ್ತೆ. ಉಬುಂಟು 20.04 ರಲ್ಲಿರೋದು 2.31, 22.04 ರಲ್ಲಿ 2.35. ಇನ್ನೇನಾಗುತ್ತೆ ಹೇಳಿ.

ಲಿನಕ್ಸ್‌ನಲ್ಲಿ ಹಳೇದ್ರಲ್ಲಿ ಬಿಲ್ಡ್ ಮಾಡಿದ್ದು ಹೊಸದ್ರಲ್ಲಿ ಓಡುತ್ತೆ, ಹೊಸದ್ರಲ್ಲಿ ಮಾಡಿದ್ದು ಹಳೇದ್ರಲ್ಲಿ ಓಡಲ್ಲ. ಹಾಗಾಗಿ ನಿಮ್ಮ ಬಳಕೆದಾರರಲ್ಲಿ ಎಲ್ರಿಗಿಂತ ಹಳೇ ಸಿಸ್ಟಮ್ ಯಾರದ್ದೋ ಅದೇ ಡಿಸ್ಟ್ರೋದ (ಉಬುಂಟು ಥರದ ಲಿನಕ್ಸ್ ಸಿಸ್ಟಮ್) ಡಾಕರ್ ಇಮೇಜ್, ಅಂದ್ರೆ ಆ ಸಿಸ್ಟಮ್ಮಿನ ರೆಡಿ ಪ್ಯಾಕ್, ತಗೊಂಡು ಅದ್ರೊಳಗೆ ಬಿಲ್ಡ್ ಮಾಡಿ, ನಿಮ್ಮ ಲ್ಯಾಪ್‌ಟಾಪ್ ಎಷ್ಟೇ ಹೊಸದಾಗಿರ್ಲಿ ಅದಕ್ಕೇನೂ ಸಂಬಂಧ ಇಲ್ಲ. ಪೈಥಾನ್‌ನವರು ಮಾಡಿರೋದೂ ಇದನ್ನೇ, ಮೆನಿಲಿನಕ್ಸ್2014 ಅನ್ನೋ ಇಮೇಜ್ ಸೆಂಟ್‌ಓಎಸ್ 7 ರ ಮೇಲೆ ನಿಂತಿದೆ, ಜಿಲಿಬ್‌ಸಿ 2.17. ಆದ್ರೆ ಸೆಂಟ್‌ಓಎಸ್ 7 ರ ಸಪೋರ್ಟ್ 2024ರ ಜೂನ್ 30ಕ್ಕೆ ಮುಗೀತು, ಈಗ ಹೊಸದಾಗಿ ಶುರು ಮಾಡೋರು ಜಿಲಿಬ್‌ಸಿ 2.28 ಇರೋ ಮೆನಿಲಿನಕ್ಸ್ 2_28 ನೋಡೋದು ವಾಸಿ. ಇದು ಪೈಥಾನ್‌ಗೇ ಅಂತ ಮಾಡಿದ್ರೂ ಬೇರೆ ಬಿಲ್ಡ್‌ಗೆ ಬಳಸಬಾರ್ದು ಅಂತೇನಿಲ್ಲ.

ಇದಾದ್ಮೇಲೂ ಸಿ++ ನ ರನ್‌ಟೈಮ್ ಲೈಬ್ರರಿಯಿಂದ ಇದೇ ಥರ ಇನ್ನೊಂದು ವರ್ಷನ್ ಎರರ್ ಬರಬಹುದು, ಅದಕ್ಕೆ ಜಿಸಿಸಿ ಕಂಪೈಲರಲ್ಲಿ ಆ ರನ್‌ಟೈಮನ್ನ ಮಾತ್ರ ಸ್ಟ್ಯಾಟಿಕ್ ಆಗಿ, ಅಂದ್ರೆ ನಿಮ್ಮ ಫೈಲೊಳಗೇ, ಸೇರಿಸೋ ಆಪ್ಷನ್ ಇದೆ, ಹಾಕ್ಕೊಳ್ಳಿ. ಲೈಸೆನ್ಸ್ ತೊಂದರೆನೂ ಇಲ್ಲ, ಆ ರನ್‌ಟೈಮ್‌ಗೆ ಜಿಸಿಸಿಯವರೇ ವಿನಾಯಿತಿ ಕೊಟ್ಟಿದಾರೆ. ರಿಲೀಸ್‌ಗೆ ಮುಂಚೆ ಒಬ್ಜ್‌ಡಂಪ್ ಅನ್ನೋ ಟೂಲ್‌ಗೆ ದೊಡ್ಡ ಟಿ ಆಪ್ಷನ್ ಕೊಟ್ಟು ನಿಮ್ಮ ಬೈನರಿ ಯಾವ ಯಾವ ಜಿಲಿಬ್‌ಸಿ ಚೀಟಿ ಕೇಳ್ತಿದೆ ಅಂತ ಒಂದ್ಸಲ ಕಣ್ಣಾಡಿಸಿ, ಫ್ರೆಂಡ್ ಫೋನ್ ಮಾಡಿ ಬೈಯೋ ಮುಂಚೆ ನಿಮಗೇ ಗೊತ್ತಾಗುತ್ತೆ.

ಪ್ರಶ್ನೆ: ಎಲ್ಲಾನೂ ಸ್ಟ್ಯಾಟಿಕ್ ಲಿಂಕ್ ಮಾಡಿ ಒಂದೇ ಫೈಲ್ ಕೊಟ್ಬಿಟ್ರೆ ಈ ರಗಳೆನೇ ಇರಲ್ವಲ್ಲ ಅಣ್ಣಾ? ಎಲ್ರೂ ಯಾಕೆ ಇಷ್ಟು ಕಷ್ಟಪಡ್ತಾರೋ ಗೊತ್ತಾಗ್ತಿಲ್ಲ.

ಉತ್ತರ: ಈ ಪ್ರಶ್ನೆ ಎಂಟು ಜನ ಕೇಳಿದಾರೆ, ಬೇರೆ ಬೇರೆ ಮಾತಲ್ಲಿ. ನಿಮ್ಮ ಆಸೆ ತಪ್ಪಲ್ಲ, ನಾನೂ ಎಷ್ಟೋ ಸಣ್ಣ ಟೂಲ್‌ಗಳನ್ನ ಹಾಗೇ ಕೊಡ್ತೀನಿ. ಆದ್ರೆ ಒಂದು ಲೈಬ್ರರಿನ ನಿಮ್ಮ ಫೈಲೊಳಗೆ ಸೇರಿಸಿದ ಕ್ಷಣದಿಂದ ಅದ್ರ ಸೆಕ್ಯೂರಿಟಿ ಅಪ್‌ಡೇಟ್ ಕೊಡೋ ಕೆಲಸ ಡಿಸ್ಟ್ರೋದವರ ತಲೆಯಿಂದ ಇಳಿದು ನಿಮ್ಮ ತಲೆ ಮೇಲೆ ಬಂತು. ಇದನ್ನ ಯಾರೂ ಕಾಗದದ ಮೇಲೆ ಬರೆಸ್ಕೊಳ್ಳಲ್ಲ, ಅದಕ್ಕೇ ಮರೆತುಹೋಗುತ್ತೆ.

ಹಳೇ ಕಥೆ ಒಂದಿದೆ. ಕಂಪ್ರೆಷನ್ ಮಾಡೋ ಝಡ್‌ಲಿಬ್ ಗೊತ್ತಲ್ಲ, ಪಿಎನ್‌ಜಿ ಫೈಲ್ ತೆಗೆದ್ರೂ ಜಿಪ್ ತೆಗೆದ್ರೂ ಹಿಂದೆ ಕೂತಿರೋದು ಸಾಮಾನ್ಯವಾಗಿ ಅದೇ. 2002ರಲ್ಲಿ ಅದ್ರಲ್ಲಿ ಒಂದೇ ಮೆಮರಿನ ಎರಡು ಸಲ ಬಿಡುಗಡೆ ಮಾಡೋ ಬಗ್ ಸಿಕ್ತು, 1.1.4 ರಲ್ಲಿ ಸರಿ ಮಾಡಿದ್ರು. ಶೇರ್ಡ್ ಲೈಬ್ರರಿ (ಸಿಸ್ಟಮ್ಮಲ್ಲಿ ಒಂದೇ ಕಡೆ ಇದ್ದು ಎಲ್ಲ ಪ್ರೋಗ್ರಾಮೂ ಹಂಚ್ಕೊಳ್ಳೋದು) ಬಳಸ್ತಿದ್ದ ಪ್ರೋಗ್ರಾಮ್‌ಗಳಿಗೆ ಒಂದೇ ಪ್ಯಾಕೇಜ್ ಅಪ್‌ಡೇಟ್ ಆದ್ರೆ ಸಾಕಿತ್ತು. ತೊಂದರೆ ಬಂದಿದ್ದು ಝಡ್‌ಲಿಬ್ ಕೋಡನ್ನ ಕಾಪಿ ಮಾಡ್ಕೊಂಡು ಒಳಗೆ ಇಟ್ಕೊಂಡಿದ್ದವರಿಗೆ, ಆರ್‌ಸಿಂಕ್ ಅಂಥ ಟೂಲ್‌ಗಳಲ್ಲಿ ಇತ್ತು, ಲಿನಕ್ಸ್ ಕರ್ನಲ್ ಒಳಗೂ ಒಂದು ಕಾಪಿ ಇತ್ತು, ಎಲ್ಲೆಲ್ಲಿ ಕಾಪಿ ಇದೆ ಅಂತ ಹುಡುಕೋದೇ ಒಂದು ದೊಡ್ಡ ಕೆಲಸ ಆಯ್ತು. ಇಪ್ಪತ್ತೊಂದು ವರ್ಷ ಆದ್ಮೇಲೆ 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಇಮೇಜ್ ಲೈಬ್ರರಿಯಲ್ಲಿ ಮೆಮರಿ ಮೀರಿ ಬರೆಯೋ ಬಗ್ ಸಿಕ್ಕಾಗ ಮತ್ತೆ ಅದೇ ಆಟ. ಕ್ರೋಮ್, ಫೈರ್‌ಫಾಕ್ಸ್ ಬೇಗ ಸರಿ ಮಾಡಿದ್ವು, ಆದ್ರೆ ಕ್ರೋಮ್‌ನ ತಿರುಳಾದ ಕ್ರೋಮಿಯಂನೇ ಹೊಟ್ಟೆಯಲ್ಲಿಟ್ಕೊಂಡಿರೋ ಎಲೆಕ್ಟ್ರಾನ್ ಆಪ್‌ಗಳು ಎಷ್ಟೆಷ್ಟೋ ಇವೆಯಲ್ಲ, ಪ್ರತಿಯೊಂದೂ ತಾನೇ ಹೊಸ ರಿಲೀಸ್ ಕೊಡಬೇಕಾಯ್ತು. ಸಿಸ್ಟಮ್ಮಿನ ವೆಬ್‌ಪಿ ಪ್ಯಾಕೇಜ್ ಅಪ್‌ಡೇಟ್ ಮಾಡ್ಕೊಂಡು ಬಳಕೆದಾರ ನೆಮ್ಮದಿಯಾಗಿ ಮಲಗಿದ್ರೆ ಪ್ರಯೋಜನ ಇಲ್ಲ, ಆಪ್ ಒಳಗಿನ ಕಾಪಿ ಹಾಗೇ ಇರುತ್ತೆ.

ಹಾಗಂತ ಡೈನಾಮಿಕ್ಕೇ (ಶೇರ್ಡ್ ಲೈಬ್ರರಿನ ಓಡೋವಾಗ ಜೋಡಿಸೋದೇ) ದೇವರು ಅಂತಲೂ ಅಲ್ಲ. ನಾನು ನೋಡೋದು ಎರಡೇ ಎರಡು ವಿಷಯ. ಆ ಲೈಬ್ರರಿ ಹೊರಗಿಂದ ಬರೋ, ನಂಬೋಕಾಗದ ಫೈಲುಗಳನ್ನ ಓದುತ್ತಾ? ಇಮೇಜ್, ವಿಡಿಯೋ, ಟಿಎಲ್‌ಎಸ್, ಎಕ್ಸ್‌ಎಂಎಲ್, ಇವೆಲ್ಲ ಆ ಗುಂಪು, ಇಲ್ಲಿ ಬಗ್ ಸಿಗೋದು ಖಚಿತ, ಯಾವಾಗ ಅನ್ನೋದಷ್ಟೇ ಪ್ರಶ್ನೆ. ಇನ್ನೊಂದು, ನಾನು ಇನ್ನು ಮೂರು ವರ್ಷ ಆದ್ಮೇಲೂ ಒಂದೇ ದಿನದಲ್ಲಿ ರಿಲೀಸ್ ಕೊಡೋ ಸ್ಥಿತಿಯಲ್ಲಿರ್ತೀನಾ? ಮೊದಲನೇದಕ್ಕೆ ಹೌದು, ಎರಡನೇದಕ್ಕೆ ಡೌಟು ಅಂತಾದ್ರೆ ಸ್ಟ್ಯಾಟಿಕ್ ಬೇಡ. ಲೆಕ್ಕ ಮಾಡೋ ಲೈಬ್ರರಿ, ಟೆಕ್ಸ್ಟ್ ಫಾರ್ಮ್ಯಾಟ್ ಮಾಡೋದು ಅಂಥವಕ್ಕೆ ಧಾರಾಳವಾಗಿ ಮಾಡಿ.

ಜಿಲಿಬ್‌ಸಿನ ಮಾತ್ರ ಸ್ಟ್ಯಾಟಿಕ್ ಮಾಡೋಕೆ ಹೋಗ್ಬೇಡಿ, ಡೊಮೇನ್ ಹೆಸರು ಹುಡುಕೋ ಕೆಲಸಕ್ಕೆ ಅದು ರನ್‌ಟೈಮಲ್ಲಿ ಮತ್ತೆ ತನ್ನದೇ ಶೇರ್ಡ್ ಫೈಲುಗಳನ್ನ ಹುಡುಕುತ್ತೆ, ಒಂದೇ ಫೈಲ್ ಅನ್ನೋ ನಿಮ್ಮ ಕನಸು ಅಲ್ಲಿಗೆ ಮುಗೀತು. ಪೂರ್ತಿ ಸ್ಟ್ಯಾಟಿಕ್ ಬೇಕೇ ಬೇಕು ಅನ್ನೋರಿಗೆ ಮಸಲ್ ಅನ್ನೋ ಬೇರೆ ಸಿ ಲೈಬ್ರರಿ ಇದೆ, ಆಲ್ಪೈನ್ ಲಿನಕ್ಸ್ ಬಳಸೋದು ಅದನ್ನೇ.

ಲೈಸೆನ್ಸ್ ಬಗ್ಗೆ ಕೇಳಿದೋರಿಗೆ: ಎಲ್‌ಜಿಪಿಎಲ್ ಅನ್ನೋ ಲೈಸೆನ್ಸ್ ಇರೋ ಲೈಬ್ರರಿನ ಸ್ಟ್ಯಾಟಿಕ್ ಆಗಿ ಸೇರಿಸಿದ್ರೆ ಬಳಕೆದಾರ ಆ ಲೈಬ್ರರಿನ ಬದಲಾಯಿಸಿ ಮತ್ತೆ ಲಿಂಕ್ ಮಾಡ್ಕೊಳ್ಳೋ ಹಾಗಿರ್ಬೇಕು. ನಿಮ್ಮ ಸೋರ್ಸ್ ಹೇಗೂ ತೆರೆದೇ ಇದೆಯಲ್ಲ, ಬಿಲ್ಡ್ ಸ್ಕ್ರಿಪ್ಟೂ ಕೊಟ್ರೆ ಆಯ್ತು. ಎಡವೋದು ಬೇರೆ ಕಡೆ. ಎನ್‌ಕ್ರಿಪ್ಷನ್ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ 3.0 ರಿಂದ ಅಪಾಚೆ 2.0 ಲೈಸೆನ್ಸ್‌ಗೆ ಬಂತು, ಇದು ಜಿಪಿಎಲ್ 3 ಜೊತೆ ಹೊಂದುತ್ತೆ, ಜಿಪಿಎಲ್ 2 ಮಾತ್ರ ಅಂತಿರೋ ಪ್ರಾಜೆಕ್ಟ್ ಜೊತೆ ಹೊಂದಲ್ಲ ಅಂತ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ನೇ ಹೇಳುತ್ತೆ. ನಿಮ್ಮ ಲೈಸೆನ್ಸ್ ಫೈಲಲ್ಲಿ 'ಅಥವಾ ನಂತರದ ಯಾವುದೇ ಆವೃತ್ತಿ' ಅನ್ನೋ ಸಾಲು ಇದೆಯಾ ನೋಡ್ಕೊಳ್ಳಿ.

ಪ್ರಶ್ನೆ: ವಿಂಡೋಸ್‌ನಲ್ಲಿ ಜಿಸಿಸಿ ಅಂಥ ಟೂಲ್‌ಗಳನ್ನ ಕೊಡೋ ಎಂಸಿಸ್2 ನಲ್ಲಿ ಬಿಲ್ಡ್ ಮಾಡಿದ ಎಕ್ಸಿ ಫೈಲ್ ಎಂಸಿಸ್2 ಟರ್ಮಿನಲ್ ಒಳಗೆ ಓಡುತ್ತೆ, ಹೊರಗೆ ಡಬಲ್ ಕ್ಲಿಕ್ ಮಾಡಿದ್ರೆ 'ಲಿಬ್‌ವಿನ್‌ಪಿಥ್ರೆಡ್ ಡಿಎಲ್‌ಎಲ್ ಸಿಗ್ತಿಲ್ಲ' ಅನ್ನುತ್ತೆ. ಅದನ್ನ ತಂದು ಹಾಕಿದ್ರೆ ಇನ್ನೊಂದು ಇಲ್ಲ ಅನ್ನುತ್ತೆ. ಇದಕ್ಕೆ ಕೊನೆ ಇದೆಯಾ?

ಉತ್ತರ: ಇದೆ. ಮಿಂಗ್‌ಡಬ್ಲ್ಯೂ ಜಿಸಿಸಿಯಲ್ಲಿ (ವಿಂಡೋಸ್‌ಗೆ ಬಿಲ್ಡ್ ಮಾಡೋ ಜಿಸಿಸಿ) ಬಿಲ್ಡ್ ಮಾಡಿದ ಸಿ++ ಪ್ರೋಗ್ರಾಮ್ ಸಾಮಾನ್ಯವಾಗಿ ಕೇಳೋ ರನ್‌ಟೈಮ್ ಡಿಎಲ್‌ಎಲ್ ಮೂರು: ಲಿಬ್‌ಜಿಸಿಸಿ, ಲಿಬ್‌ಎಸ್‌ಟಿಡಿಸಿ++, ಲಿಬ್‌ವಿನ್‌ಪಿಥ್ರೆಡ್. ಟರ್ಮಿನಲ್ ಒಳಗೆ ಪಾತ್ ವೇರಿಯಬಲ್‌ನಲ್ಲಿ ಅವು ಸಿಗ್ತವೆ, ಹೊರಗೆ ಬಂದ್ರೆ ಇಲ್ಲ, ಅಷ್ಟೇ ವಿಷಯ. ಒಂದೊಂದಾಗಿ ಎರರ್ ನೋಡ್ತಾ ಕಾಪಿ ಮಾಡೋ ಬದಲು ಎಂಸಿಸ್2 ಟರ್ಮಿನಲ್‌ನಲ್ಲೇ, ಬೇಕಾದ ಲೈಬ್ರರಿಗಳ ಪಟ್ಟಿ ಕೊಡೋ ಎಲ್‌ಡಿಡಿ ಓಡಿಸಿ, ಬರೋ ಪಟ್ಟಿಯಲ್ಲಿ ವಿಂಡೋಸ್ ಫೋಲ್ಡರಿಂದ ಬರ್ತಿರೋದನ್ನ ಬಿಟ್ಟು ಎಂಸಿಸ್2 ಫೋಲ್ಡರಿನ ಎಲ್ಲವನ್ನೂ ಎಕ್ಸಿ ಪಕ್ಕದಲ್ಲೇ ಹಾಕಿ. ವಿಂಡೋಸ್‌ಗೆ ಲಿನಕ್ಸ್ ಥರ ಆರ್‌ಪಾತ್ (ಲೈಬ್ರರಿ ಎಲ್ಲಿ ಹುಡುಕಬೇಕು ಅಂತ ಫೈಲೊಳಗೇ ಬರೆದಿಡೋದು) ಅನ್ನೋದು ಇಲ್ಲ, ಆದ್ರೆ ಎಕ್ಸಿ ಇರೋ ಫೋಲ್ಡರನ್ನ ಪಾತ್‌ಗಿಂತ ಬಹಳ ಮುಂಚೆನೇ ನೋಡುತ್ತೆ, ಹಾಗಾಗಿ ಪಕ್ಕದಲ್ಲಿಡೋದೇ ಅಲ್ಲಿನ ಸರಿಯಾದ ಪದ್ಧತಿ. ಸಿಸ್ಟಮ್32 ಒಳಗೆ ಮಾತ್ರ ತುರುಕ್ಬೇಡಿ, ಇನ್ಯಾರದ್ದೋ ಪ್ರೋಗ್ರಾಮ್ ಹಾಳಾದ್ರೆ ಪಾಪ ಅವರಿಗೆ ಕಾರಣವೇ ಗೊತ್ತಾಗಲ್ಲ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದ್ರೂ ಹೇಳ್ಬಿಡ್ತೀನಿ. ವಿಶುವಲ್ ಸ್ಟುಡಿಯೋದಲ್ಲಿ ಬಿಲ್ಡ್ ಆದ ಸಿ++ ಲೈಬ್ರರಿನ ಮಿಂಗ್‌ಡಬ್ಲ್ಯೂ ಜಿಸಿಸಿ ಪ್ರೋಗ್ರಾಮಿಗೆ ಸೇರಿಸೋಕೆ ಹೋಗ್ಬೇಡಿ, ಫಂಕ್ಷನ್ ಹೆಸರುಗಳನ್ನ ಇವೆರಡೂ ಬೇರೆ ಬೇರೆ ಥರ ತಿರುಚಿ ಬರೀತವೆ, ಲಿಂಕರ್ ಒಪ್ಪಲ್ಲ. ಬರೀ ಸಿ ಇಂಟರ್‌ಫೇಸ್ ಇರೋ ಡಿಎಲ್‌ಎಲ್ ಆದ್ರೆ ನಡೆಯುತ್ತೆ, ಆದ್ರೆ ಒಂದು ಡಿಎಲ್‌ಎಲ್ ಪಡೆದ ಮೆಮರಿನ ಇನ್ನೊಂದು ಡಿಎಲ್‌ಎಲ್ ಬಿಡುಗಡೆ ಮಾಡೋ ಹಾಗಿರ್ಬಾರ್ದು, ಎರಡರ ಸಿ ರನ್‌ಟೈಮ್ ಬೇರೆಯಾಗಿದ್ರೆ ಹೀಪ್ (ಮೆಮರಿ ಪಡೆಯೋ ಜಾಗ) ಕೂಡ ಬೇರೆ. ಯಾರು ಪಡೆದ್ರೋ ಅವರೇ ಬಿಡ್ಬೇಕು. ವಿಶುವಲ್ ಸ್ಟುಡಿಯೋ ಬಳಸೋರಿಗೆ ಒಂದು ಸಮಾಧಾನ ಇದೆ, 2015, 2017, 2019, 2022 ಈ ನಾಲ್ಕರಲ್ಲಿ ಬಿಲ್ಡ್ ಆದ ಲೈಬ್ರರಿಗಳು ಒಂದಕ್ಕೊಂದು ಹೊಂದ್ತವೆ, ಕೊನೆಯಲ್ಲಿ ಲಿಂಕ್ ಮಾಡೋ ಟೂಲ್ ಅವುಗಳಲ್ಲಿ ಹೊಸದಕ್ಕಿಂತ ಹಳೇದಾಗಿರ್ಬಾರ್ದು ಅಷ್ಟೇ. ಡೀಬಗ್ ಬಿಲ್ಡನ್ನ ಯಾರಿಗೂ ಕೊಡ್ಬೇಡಿ, ಡೀಬಗ್ ರನ್‌ಟೈಮನ್ನ ಹಂಚೋಕೆ ಅನುಮತಿನೇ ಇಲ್ಲ. ನಾನೊಮ್ಮೆ ರಾತ್ರಿ ಎರಡು ಗಂಟೆಗೆ ರಿಲೀಸ್ ಅಪ್‌ಲೋಡ್ ಮಾಡಿ ಮಲಗಿದ್ದೆ, ಬೆಳಿಗ್ಗೆ ಎದ್ದು ನೋಡಿದ್ರೆ ಡೌನ್‌ಲೋಡ್ ಮಾಡಿದ ಒಬ್ಬರಿಗೂ ಓಡಿಲ್ಲ, ಡೀಬಗ್ ಫೋಲ್ಡರಿಂದ ಎತ್ತಿ ಹಾಕಿದ್ದೆ. ನನ್ನ ಮಷೀನಲ್ಲಿ ಓಡಿತ್ತು ನೋಡಿ.

ಪ್ರಶ್ನೆ: ಮ್ಯಾಕ್‌ನಲ್ಲಿ ಹೋಮ್‌ಬ್ರೂ ಅನ್ನೋ ಪ್ಯಾಕೇಜ್ ಟೂಲಿಂದ ಲೈಬ್ರರಿ ಹಾಕ್ಕೊಂಡು ಬಿಲ್ಡ್ ಮಾಡಿದೆ. ಬೇರೆ ಮ್ಯಾಕ್‌ನಲ್ಲಿ 'ಲೈಬ್ರರಿ ನಾಟ್ ಲೋಡೆಡ್'. ಆ ಡೈಲಿಬ್ (ಮ್ಯಾಕ್‌ನ ಶೇರ್ಡ್ ಲೈಬ್ರರಿ) ಫೈಲುಗಳನ್ನ ಆಪ್ ಒಳಗೇ ಹಾಕಿದೆ, ಆದ್ರೂ ಹಳೇ ಜಾಗದಲ್ಲೇ ಹುಡುಕ್ತಿದೆ.

ಉತ್ತರ: ಮ್ಯಾಕ್‌ನಲ್ಲಿ ಲೈಬ್ರರಿ ತನ್ನ ವಿಳಾಸನ ತನ್ನೊಳಗೇ ಬರ್ಕೊಂಡಿರುತ್ತೆ, ನೀವು ಲಿಂಕ್ ಮಾಡಿದಾಗ ಆ ಪೂರ್ತಿ ಪಾತ್ ನಿಮ್ಮ ಪ್ರೋಗ್ರಾಮ್‌ಗೆ ಕಾಪಿ ಆಗುತ್ತೆ. ಫೈಲನ್ನ ಎಲ್ಲಿಗೆ ಎತ್ತಿ ಹಾಕಿದ್ರೂ ಬರೆದಿರೋ ವಿಳಾಸ ಹಳೇದೇ. ಓಟೂಲ್‌ಗೆ ದೊಡ್ಡ ಎಲ್ ಆಪ್ಷನ್ ಕೊಟ್ಟು ನೋಡಿ, ಕಾಣುತ್ತೆ. ಇನ್‌ಸ್ಟಾಲ್ ನೇಮ್ ಟೂಲ್ ಅನ್ನೋದ್ರಿಂದ ಅದನ್ನ ಅಟ್-ಆರ್‌ಪಾತ್ ಇಂದ ಶುರುವಾಗೋ ಹಾಗೆ ಬದಲಾಯಿಸಿ, ಪ್ರೋಗ್ರಾಮ್‌ಗೆ ಆರ್‌ಪಾತ್ ಸೇರಿಸಿ. ಲೈಬ್ರರಿಗಳು ಒಂದನ್ನೊಂದು ಕೇಳ್ತಿರ್ತವಲ್ಲ, ಅವುಗಳ ಒಳಗೂ ಇದೇ ಮಾಡ್ಬೇಕು, ಮುಕ್ಕಾಲು ಜನ ಮರೆಯೋದು ಅದನ್ನೇ. ಹೀಗೆ ಬದಲಾಯಿಸಿದ ಕೂಡ್ಲೇ ಕೋಡ್ ಸೈನ್ (ಫೈಲ್ ಬದಲಾಗಿಲ್ಲ ಅನ್ನೋ ಡಿಜಿಟಲ್ ಸಹಿ) ಒಡೆದುಹೋಗುತ್ತೆ, ಆಪಲ್ ಸಿಲಿಕಾನ್ ಮಷೀನುಗಳಲ್ಲಿ ಸೈನ್ ಸರಿಯಿಲ್ಲದ ನೇಟಿವ್ ಕೋಡ್ ಓಡೋದೇ ಇಲ್ಲ, ಕೊಂದು ಹಾಕುತ್ತೆ, ಆದ್ರಿಂದ ಎಲ್ಲ ಬದಲಾವಣೆ ಮುಗಿದ ಮೇಲೆ ಕೊನೆಯದಾಗಿ ಮತ್ತೆ ಸೈನ್ ಮಾಡಿ.

ಇಷ್ಟೆಲ್ಲ ಹೇಳಿ ಈಗ ನಿರಾಸೆ ಮಾಡ್ತೀನಿ, ಕ್ಷಮಿಸಿ. ಹೋಮ್‌ಬ್ರೂ ಲೈಬ್ರರಿನ ಹಂಚೋ ಆಪ್‌ಗೆ ಹಾಕೋದೇ ನನಗೆ ಸರಿ ಕಾಣಲ್ಲ. ಅದು ನಿಮ್ಮ ಮಷೀನಿನ ಮ್ಯಾಕ್ ಆವೃತ್ತಿಗೆ ಅಂತ ಬಿಲ್ಡ್ ಆಗಿರುತ್ತೆ, ಹಳೇ ಮ್ಯಾಕ್ ಇರೋರಿಗೆ ಕೈ ಕೊಡುತ್ತೆ. ಅದೂ ಅಲ್ದೆ ಆಪಲ್ ಸಿಲಿಕಾನ್‌ಗೂ ಇಂಟೆಲ್‌ಗೂ ಅದು ಬೇರೆ ಬೇರೆ ಫೋಲ್ಡರಲ್ಲಿ ಬೇರೆ ಬೇರೆ ಇನ್‌ಸ್ಟಾಲ್ ಆಗುತ್ತೆ, ಎರಡಕ್ಕೂ ಓಡೋ ಒಂದೇ ಆಪ್ ಬೇಕಂದ್ರೆ ಕಷ್ಟ. ಡಿಪ್ಲಾಯ್‌ಮೆಂಟ್ ಟಾರ್ಗೆಟ್ (ಎಷ್ಟು ಹಳೇ ಮ್ಯಾಕ್ ಆವೃತ್ತಿವರೆಗೂ ಓಡಬೇಕು ಅನ್ನೋದು) ಸೆಟ್ ಮಾಡಿ ಲೈಬ್ರರಿಗಳನ್ನ ನೀವೇ ಸೋರ್ಸಿಂದ ಬಿಲ್ಡ್ ಮಾಡಿ. ಡೆವಲಪ್ ಮಾಡೋವಾಗ ಹೋಮ್‌ಬ್ರೂ, ರಿಲೀಸ್‌ಗೆ ಸ್ವಂತ ಬಿಲ್ಡ್.

ಅಂದಹಾಗೆ ಓಟೂಲ್ ತೋರಿಸೋ ಸಿಸ್ಟಮ್ ಲೈಬ್ರರಿ ಫೈಲುಗಳು ಡಿಸ್ಕಲ್ಲಿ ಕಾಣಲ್ಲ ಅಂತ ಗಾಬರಿ ಬೀಳ್ಬೇಡಿ, ಮ್ಯಾಕ್ 11 ರಿಂದ ಅವನ್ನೆಲ್ಲ ಒಂದು ಶೇರ್ಡ್ ಕ್ಯಾಶ್ ಒಳಗೆ ಸೇರಿಸಿಬಿಟ್ಟಿದಾರೆ.

ಪ್ರಶ್ನೆ: ಕ್ಯೂಟಿ (ವಿಂಡೋ, ಬಟನ್ ಮಾಡಿಕೊಡೋ ಲೈಬ್ರರಿ) ಬಳಸಿದ ಆಪ್, ಎಲ್‌ಡಿಡಿಯಲ್ಲಿ ಎಲ್ಲ ಲೈಬ್ರರಿನೂ ಸಿಗ್ತಿದೆ, ಆದ್ರೂ 'ಪ್ಲಾಟ್‌ಫಾರ್ಮ್ ಪ್ಲಗಿನ್ ಲೋಡ್ ಆಗ್ಲಿಲ್ಲ' ಅಂತ ಬರುತ್ತೆ.

ಉತ್ತರ: ಪ್ಲಗಿನ್‌ಗಳನ್ನ ಪ್ರೋಗ್ರಾಮ್ ಓಡೋಕೆ ಶುರುವಾದ್ಮೇಲೆ ತಾನೇ ತೆಗೆಯುತ್ತೆ, ಎಲ್‌ಡಿಡಿಗೆ ಅವು ಕಾಣಲ್ಲ. ವಿಂಡೋಸ್‌ನಲ್ಲಿ ವಿನ್‌ಡಿಪ್ಲಾಯ್‌ಕ್ಯೂಟಿ, ಮ್ಯಾಕ್‌ನಲ್ಲಿ ಮ್ಯಾಕ್‌ಡಿಪ್ಲಾಯ್‌ಕ್ಯೂಟಿ ಓಡಿಸಿ. ಲಿನಕ್ಸ್‌ನಲ್ಲಿ ಪ್ಲಾಟ್‌ಫಾರ್ಮ್ಸ್ ಫೋಲ್ಡರ್ ಒಳಗಿನ ಎಕ್ಸ್‌ಸಿಬಿ ಪ್ಲಗಿನ್ ಮೇಲೇ ಎಲ್‌ಡಿಡಿ ಓಡಿಸಿದ್ರೆ ಅದಕ್ಕೆ ಯಾವುದು ಸಿಗ್ತಿಲ್ಲ ಅಂತ ಗೊತ್ತಾಗುತ್ತೆ. ಗೊತ್ತಿಲ್ಲದೋರು ಕೊಟ್ಟ ಬೈನರಿ ಮೇಲೆ ಮಾತ್ರ ಎಲ್‌ಡಿಡಿ ಬೇಡ, ಕೆಲವು ಸಲ ಅದು ಆ ಪ್ರೋಗ್ರಾಮನ್ನೇ ಓಡಿಸಿಬಿಡಬಹುದು. ಫೈಲನ್ನ ಓಡಿಸದೇ ಓದಿ ಹೇಳೋ ರೀಡೆಲ್ಫ್ ಬಳಸಿ.

ಪ್ರಶ್ನೆ: ನಮ್ಮ ಪ್ರಾಜೆಕ್ಟಲ್ಲಿ ಒಂಬತ್ತು ಲೈಬ್ರರಿಗಳ ಸೋರ್ಸನ್ನ ಥರ್ಡ್‌ಪಾರ್ಟಿ ಅನ್ನೋ ಫೋಲ್ಡರಲ್ಲಿ ಇಟ್ಕೊಂಡಿದೀವಿ, ಯಾರು ಬೇಕಾದ್ರೂ ಕ್ಲೋನ್ ಮಾಡಿ ಒಂದೇ ಕಮಾಂಡಲ್ಲಿ ಬಿಲ್ಡ್ ಮಾಡಬಹುದು. ಒಂದು ಡಿಸ್ಟ್ರೋ ಪ್ಯಾಕೇಜ್ ಮಾಡೋರು ಬಂದು ಇದನ್ನೆಲ್ಲ ತೆಗೀರಿ ಅಂತ ಜಗಳ ಮಾಡ್ತಿದಾರೆ. ನಾವು ಯಾಕೆ ಬಗ್ಗಬೇಕು?

ಉತ್ತರ: ಬಗ್ಗೋದು ಬೇಡ, ಬಾಗಿಲು ತೆರೆದಿಡಿ ಸಾಕು. ಅವರು ಜಗಳಗಂಟರಲ್ಲ, ಮೇಲೆ ಹೇಳಿದ ಝಡ್‌ಲಿಬ್ ಕಥೆಯಲ್ಲಿ ಕಾಪಿ ಹುಡುಕಿದೋರು ಅವರೇ. ಡೆಬಿಯನ್ ನಿಯಮಾವಳಿಯಲ್ಲೇ ಕೋಡ್ ಕಾಪಿ ಇಟ್ಕೊಳ್ಳೋದು ಬೇಡ ಅಂತ ಇದೆ. ಪ್ರತಿ ಲೈಬ್ರರಿಗೂ 'ಸಿಸ್ಟಮ್ಮಿಂದು ಬಳಸು' ಅನ್ನೋ ಒಂದು ಸ್ವಿಚ್ ಕೊಡಿ, ಆನ್ ಮಾಡಿದ್ರೆ ಬಿಲ್ಡ್ ಟೂಲ್ ಆದ ಸಿಮೇಕ್‌ನ ಫೈಂಡ್ ಪ್ಯಾಕೇಜ್ ಅಥವಾ ಲೈಬ್ರರಿ ಎಲ್ಲಿದೆ ಅಂತ ಹೇಳೋ ಪಿಕೆಜಿ-ಕಾನ್ಫಿಗ್ ಮೂಲಕ ಹುಡುಕ್ಲಿ, ಆಫ್ ಇದ್ರೆ ನಿಮ್ಮ ಫೋಲ್ಡರಿಂದ ತಗೊಳ್ಲಿ. ಮೆಸಾನ್ ಅನ್ನೋ ಬಿಲ್ಡ್ ಟೂಲ್ ಬಳಸೋರಿಗೆ ಇದು ಪುಕ್ಕಟೆ ಸಿಗುತ್ತೆ, ರ‍್ಯಾಪ್ ಫೈಲ್ ಬರೆದಿಟ್ರೆ ಮೊದಲು ಸಿಸ್ಟಮ್ಮಲ್ಲಿ ನೋಡಿ ಇಲ್ಲಾಂದ್ರೆ ತಾನೇ ತಂದು ಬಿಲ್ಡ್ ಮಾಡುತ್ತೆ.

ಒಂದು ಕಂಡೀಷನ್. ಆ ಒಂಬತ್ತರ ಒಳಗೆ ನೀವು ಕೈ ಹಾಕಿರಬಾರ್ದು. 'ಒಂದೇ ಒಂದು ಸಣ್ಣ ಫಿಕ್ಸ್' ಅಂತ ಥರ್ಡ್‌ಪಾರ್ಟಿ ಫೋಲ್ಡರೊಳಗೆ ಎರಡು ಸಾಲು ತಿದ್ದಿಟ್ಟಿರ್ತಾರೆ, ಎರಡು ವರ್ಷ ಆದ್ಮೇಲೆ ತಿದ್ದಿದವರು ಪ್ರಾಜೆಕ್ಟಲ್ಲೇ ಇರಲ್ಲ, ಸಿಸ್ಟಮ್ ಲೈಬ್ರರಿಗೆ ಬದಲಾಯಿಸಿದ್ರೆ ಓಡಲ್ಲ, ಹೊಸ ವರ್ಷನ್‌ಗೆ ಹೋದ್ರೆ ತಿದ್ದುಪಡಿ ಅಳಿಸಿಹೋಗುತ್ತೆ, ಯಾಕೆ ತಿದ್ದಿದ್ರು ಅಂತ ಯಾರಿಗೂ ನೆನಪಿಲ್ಲ. ತಿದ್ದಲೇಬೇಕಂದ್ರೆ ಪ್ಯಾಚ್ ಫೈಲ್ ಆಗಿ ಬೇರೆ ಇಡಿ, ಮೂಲದವರಿಗೂ ಕಳಿಸಿ. ಎಸ್‌ಕ್ಯೂಲೈಟ್ ಡೇಟಾಬೇಸ್ ಥರದ್ದು ಬೇರೆ ಲೆಕ್ಕ, ಅದನ್ನ ಒಂದೇ ದೊಡ್ಡ ಸಿ ಫೈಲಾಗಿ ಕೊಡೋದೇ ನಿಮ್ಮ ಪ್ರಾಜೆಕ್ಟೊಳಗೆ ಹಾಕ್ಕೊಳ್ಳಿ ಅಂತ. ಆದ್ರೂ ಸ್ವಿಚ್ ಇರ್ಲಿ.

ಪ್ರಶ್ನೆ: ಲೈಬ್ರರಿಗಳನ್ನ ತರೋಕೆ ಗಿಟ್ ಸಬ್‌ಮಾಡ್ಯೂಲ್ (ಬೇರೆ ಗಿಟ್ ಪ್ರಾಜೆಕ್ಟನ್ನ ನಮ್ಮದ್ರೊಳಗೆ ಸೇರಿಸೋದು), ಇಲ್ಲಾ ಪ್ಯಾಕೇಜ್ ಮ್ಯಾನೇಜರ್‌ಗಳಾದ ವಿಸಿಪಿಕೆಜಿ, ಕೋನನ್. ಯಾವುದು?

ಉತ್ತರ: ಮೂರು ನಾಲ್ಕು ಲೈಬ್ರರಿ, ಎಲ್ಲಾ ಸಿಮೇಕ್‌ನವೇ ಆದ್ರೆ ಸಬ್‌ಮಾಡ್ಯೂಲ್ ಸಾಕು. ಆದ್ರೆ ಗಿಟ್‌ಹಬ್ ತಾನಾಗೇ ಮಾಡಿಕೊಡೋ ಸೋರ್ಸ್ ಜಿಪ್ ಒಳಗೆ ಸಬ್‌ಮಾಡ್ಯೂಲ್‌ಗಳು ಖಾಲಿ ಫೋಲ್ಡರಾಗಿ ಬರ್ತವೆ, ಅದನ್ನ ಇಳಿಸ್ಕೊಂಡೋರಿಗೆ ಬಿಲ್ಡ್ ಆಗಲ್ಲ, ಹಾಗಾಗಿ ಪೂರ್ತಿ ಟಾರ್‌ಬಾಲನ್ನ (ಸೋರ್ಸ್ ಫೈಲುಗಳ ಕಟ್ಟು) ನೀವೇ ಮಾಡಿ ಹಾಕ್ಬೇಕು. ಲೈಬ್ರರಿ ಜಾಸ್ತಿ ಇದ್ದು ವಿಂಡೋಸ್ ಮುಖ್ಯ ಆದ್ರೆ ನಾನು ವಿಸಿಪಿಕೆಜಿ ಕಡೆ ವಾಲ್ತೀನಿ, ಮ್ಯಾನಿಫೆಸ್ಟ್ ಫೈಲಲ್ಲಿ ಬೇಸ್‌ಲೈನ್ ಅಂತ ಒಂದು ಕಮಿಟ್ ಬರೆದಿಟ್ರೆ ಎಲ್ಲರಿಗೂ ಅದೇ ವರ್ಷನ್‌ಗಳು ಸಿಗ್ತವೆ. ಒಂದು ಎಚ್ಚರಿಕೆ, ಅದ್ರ ಡೀಫಾಲ್ಟ್ ವಿಂಡೋಸ್‌ನಲ್ಲಿ ಡೈನಾಮಿಕ್, ಲಿನಕ್ಸ್‌ನಲ್ಲಿ ಸ್ಟ್ಯಾಟಿಕ್, ನೋಡಿ ಆರಿಸ್ಕೊಳ್ಳಿ. ಬಿಲ್ಡ್ ಆದ ಬೈನರಿಗಳನ್ನ ಟೀಮ್ ತುಂಬ ಹಂಚ್ಕೋಬೇಕು ಅಂದ್ರೆ ಕೋನನ್ ಚೆನ್ನಾಗಿದೆ. ಯಾವುದನ್ನೇ ಹಿಡಿದ್ರೂ ವರ್ಷನ್ ಗಟ್ಟಿ ಮಾಡಿ ಬರೆದಿಡಿ, 'ಲೇಟೆಸ್ಟ್' ಅನ್ನೋ ಪದ ಬಿಲ್ಡ್ ಸ್ಕ್ರಿಪ್ಟಲ್ಲಿ ಕಾಣಿಸ್ಬಾರ್ದು.

ಪ್ರಶ್ನೆ: ತಲೆ ಕೆಟ್ಟುಹೋಗಿದೆ ಸರ್. ನಮ್ಮದು ಪ್ಲಗಿನ್, ಬೇರೆ ಒಂದು ದೊಡ್ಡ ಇಮೇಜ್ ಎಡಿಟರ್ ಒಳಗೆ ಓಡುತ್ತೆ. ಹೊಸ ಲಿಬ್‌ಪಿಎನ್‌ಜಿನ ಸ್ಟ್ಯಾಟಿಕ್ ಆಗಿ ಸೇರಿಸಿದೀವಿ. ವಿಂಡೋಸ್, ಮ್ಯಾಕ್ ಎರಡರಲ್ಲೂ ಸರಿ, ಲಿನಕ್ಸ್‌ನಲ್ಲಿ ಮಾತ್ರ ಪಿಎನ್‌ಜಿ ತೆಗೆದ ಕೂಡ್ಲೇ ಕ್ರ್ಯಾಶ್. ಒಂಟಿಯಾಗಿ ಟೆಸ್ಟ್ ಮಾಡಿದ್ರೆ ಲಿನಕ್ಸ್‌ನಲ್ಲೂ ಸರಿ!

ಉತ್ತರ: ಈ ಸಲದ ಪ್ರಶ್ನೆಗಳಲ್ಲಿ ನನಗೆ ಇಷ್ಟ ಆಗಿದ್ದು ಇದು, ನಿಮ್ಮ ಸಂಕಟಕ್ಕೆ ನಾನು ಖುಷಿಪಡ್ತಿದೀನಿ ಅಂದ್ಕೋಬೇಡಿ.

ಆ ಎಡಿಟರ್ ಹಳೇ ಲಿಬ್‌ಪಿಎನ್‌ಜಿ ಒಂದನ್ನ ಆಗಲೇ ಲೋಡ್ ಮಾಡ್ಕೊಂಡಿರುತ್ತೆ. ಲಿನಕ್ಸ್‌ನ ಲೋಡರ್ ಒಂದು ಫಂಕ್ಷನ್ ಹೆಸರನ್ನ ಹುಡುಕೋವಾಗ ಸಾಮಾನ್ಯವಾಗಿ ಇಡೀ ಪ್ರೋಗ್ರಾಮ್‌ಗೆ ಒಂದೇ ಸಾಲು, ಮೊದಲು ಲೋಡ್ ಆಗಿರೋದ್ರಲ್ಲಿ ಆ ಹೆಸರು ಸಿಕ್ರೆ ಅದೇ. ನಿಮ್ಮ ಪ್ಲಗಿನ್ ಒಳಗೇ ಹೊಸ ಫಂಕ್ಷನ್ ಕೂತಿದ್ರೂ ಕರೆ ಹೋಗೋದು ಎಡಿಟರಿನ ಹಳೇದಕ್ಕೆ. ಕೆಲವು ಕರೆ ಒಳಗಡೆನೇ ಬಗೆಹರಿದು ನಿಮ್ಮದಕ್ಕೆ, ಕೆಲವು ಹಳೇದಕ್ಕೆ, ಎತ್ತು ಏರಿಗೆಳೀತು ಕೋಣ ನೀರಿಗೆಳೀತು ಅನ್ನೋ ಹಾಗೆ. ಎರಡರ ಸ್ಟ್ರಕ್ಚರ್ ಒಳಗಿನ ಜೋಡಣೆ ಬೇರೆ ಇದ್ರೆ ಕ್ರ್ಯಾಶ್ ಆಗದೆ ಇನ್ನೇನಾಗುತ್ತೆ. ಮ್ಯಾಕ್‌ನಲ್ಲಿ ಹಾಗಲ್ಲ, ಪ್ರತಿ ಫಂಕ್ಷನ್ ಜೊತೆ ಅದು ಯಾವ ಲೈಬ್ರರಿದು ಅಂತಲೂ ಬರೆದಿರುತ್ತೆ, ವಿಂಡೋಸ್‌ನಲ್ಲೂ ಡಿಎಲ್‌ಎಲ್ ಹೆಸರು ಸಮೇತ ಬರೆದಿರುತ್ತೆ. ಅದಕ್ಕೇ ಅಲ್ಲಿ ಬಚಾವಾದ್ರಿ. ಒಂಟಿಯಾಗಿ ಓಡಿಸಿದಾಗ ಎಡಿಟರ್ ಇಲ್ಲ, ಹಳೇ ಲಿಬ್‌ಪಿಎನ್‌ಜಿ ಇಲ್ಲ, ಕ್ರ್ಯಾಶೂ ಇಲ್ಲ.

ನಾನು ಹೇಳ್ತಿರೋದು ನಿಜಾನಾ ಅಂತ ಮೊದಲು ನೋಡ್ಕೊಳ್ಳಿ, ಎಲ್‌ಡಿ ಡೀಬಗ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಬೈಂಡಿಂಗ್ಸ್ ಅಂತ ಕೊಟ್ಟು ಎಡಿಟರ್ ಶುರು ಮಾಡಿ, ಪುಟಗಟ್ಟಲೆ ಬರುತ್ತೆ, ಅದ್ರಲ್ಲಿ ಪಿಎನ್‌ಜಿ ಅಂತ ಹುಡುಕಿದ್ರೆ ನಿಮ್ಮ ಪ್ಲಗಿನ್ನಿಂದ ಹೊರಟ ಕರೆ ಯಾವ ಫೈಲಿಗೆ ಅಂಟ್ಕೊಂಡಿದೆ ಅಂತ ಸಾಲು ಸಾಲಾಗಿ ಇರುತ್ತೆ. ಔಷಧಿ ಏನಂದ್ರೆ ನಿಮ್ಮ ಪ್ಲಗಿನ್ ತನ್ನೊಳಗಿನ ಲಿಬ್‌ಪಿಎನ್‌ಜಿ, ಝಡ್‌ಲಿಬ್ ಹೆಸರುಗಳನ್ನ ಹೊರಗೆ ತೋರಿಸಲೇಬಾರ್ದು. ವಿಸಿಬಿಲಿಟಿ ಹಿಡನ್ ಅಂತ ಕೊಟ್ಟಿದೀವಿ ಅಂತ ಪತ್ರದ ಕೊನೆಯಲ್ಲಿ ಬರೆದಿದೀರಿ, ಆದ್ರೆ ಅದು ನೀವು ಕಂಪೈಲ್ ಮಾಡಿದ ಕೋಡ್‌ಗೆ ಮಾತ್ರ, ಮೊದಲೇ ಬಿಲ್ಡ್ ಆಗಿ ಬಂದ ಸ್ಟ್ಯಾಟಿಕ್ ಲೈಬ್ರರಿಗೆ ಅನ್ವಯಿಸಲ್ಲ. ಲಿಂಕರ್‌ಗೆ ಎಕ್ಸ್‌ಕ್ಲೂಡ್ ಲಿಬ್ಸ್ ಆಲ್ ಅನ್ನೋ ಆಪ್ಷನ್ ಕೊಡಿ, ಸ್ಟ್ಯಾಟಿಕ್ ಲೈಬ್ರರಿಗಳಿಂದ ಬಂದ ಹೆಸರೆಲ್ಲ ಒಳಗೇ ಉಳೀತವೆ. ನನಗೆ ಇನ್ನೂ ಇಷ್ಟ ವರ್ಷನ್ ಸ್ಕ್ರಿಪ್ಟ್: ಎಡಿಟರ್ ಕರೆಯೋ ಎರಡು ಮೂರು ಫಂಕ್ಷನ್ ಹೆಸರು ಮಾತ್ರ ಹೊರಗೆ, ಉಳಿದದ್ದೆಲ್ಲ ಲೋಕಲ್ ಅಂತ ಬರೆದ್ರೆ ಆಯ್ತು, ಮುಂದೆ ಯಾರೋ ಹೊಸ ಲೈಬ್ರರಿ ಸೇರಿಸಿದ್ರೂ ಕಾವಲು ಇರುತ್ತೆ. ಪಕ್ಕದ ದಾರಿನೂ ಇದೆ, ಝಡ್‌ಲಿಬ್‌ನಲ್ಲಿ ಎಲ್ಲ ಹೆಸರಿಗೂ ಮುಂದೆ ಒಂದು ಅಕ್ಷರಪುಂಜ ಅಂಟಿಸಿ ಬಿಲ್ಡ್ ಮಾಡೋ ಸೌಲಭ್ಯ ಅದ್ರಲ್ಲೇ ಕೊಟ್ಟಿದಾರೆ, ಈ ಕಷ್ಟ ಹೊಸದಲ್ಲ ಅನ್ನೋದಕ್ಕೆ ಅದೇ ಸಾಕ್ಷಿ.

ಪ್ರಶ್ನೆ: ಎಕ್ಸ್‌ಝಡ್ ಅನ್ನೋ ಕಂಪ್ರೆಷನ್ ಲೈಬ್ರರಿಯಲ್ಲಿ ಹಿಂಬಾಗಿಲು ಸಿಕ್ಕ ಪ್ರಕರಣದ ನಂತರ ನಮ್ಮ ಟೀಮಲ್ಲಿ ಒಬ್ರು ಎಲ್ಲ ಲೈಬ್ರರಿಗೂ ಚೆಕ್‌ಸಮ್ (ಫೈಲ್ ಬದಲಾಗಿದೆಯಾ ಅಂತ ತಾಳೆ ನೋಡೋ ಸಂಖ್ಯೆ) ಹಾಕಿದಾರೆ, ಇನ್ನು ಭಯ ಇಲ್ಲ ಅಂತಾರೆ. ನಿಜಾನಾ?

ಉತ್ತರ: ಚೆಕ್‌ಸಮ್ ಬೇಕೇ ಬೇಕು, ಆದ್ರೆ ಎಕ್ಸ್‌ಝಡ್‌ನಲ್ಲಿ ಅದು ಏನೂ ಮಾಡ್ತಿರ್ಲಿಲ್ಲ. 5.6.0, 5.6.1 ರ ಅಧಿಕೃತ ಟಾರ್‌ಬಾಲ್ ಒಳಗೇ ಹಿಂಬಾಗಿಲು ಇತ್ತು, ಹಾಕಿದ್ದೂ ಪ್ರಾಜೆಕ್ಟಿನ ಮೇಂಟೇನರ್ ಖಾತೆಯಿಂದಲೇ, ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ. ಚೆಕ್‌ಸಮ್ ತಾಳೆಯಾಗ್ತಿತ್ತು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಅನ್ನೋ ಇಂಜಿನಿಯರ್ ಇದನ್ನ ಬಯಲು ಮಾಡಿದ್ದು ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಹೋಗೋ ದಾರಿ) ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗ್ತಿದೆಯಲ್ಲ ಅಂತ ತಲೆ ಕೆಡಿಸ್ಕೊಂಡಿದ್ದಕ್ಕೆ. ಬಿಲ್ಡ್ ಮಾಡೋರು ಇದ್ರಲ್ಲಿ ಗಮನಿಸಬೇಕಾದ್ದು ಎರಡು ಇದೆ. ದುಷ್ಟ ಕೋಡನ್ನ ಬಿಚ್ಚೋ ಎಂ4 ಸ್ಕ್ರಿಪ್ಟ್ ಟಾರ್‌ಬಾಲ್‌ನಲ್ಲಿ ಮಾತ್ರ ಇತ್ತು, ಗಿಟ್‌ನಲ್ಲಿ ಇರ್ಲಿಲ್ಲ, ಅದಕ್ಕೇ ಸಾಧ್ಯ ಇರೋ ಕಡೆ ಗಿಟ್ ಟ್ಯಾಗಿಂದ ಬಿಲ್ಡ್ ಮಾಡಿ, ಕಾನ್ಫಿಗರ್ ಸ್ಕ್ರಿಪ್ಟ್ ನೀವೇ ಹುಟ್ಟಿಸ್ಕೊಳ್ಳಿ. ಇನ್ನೊಂದು, ಎಸ್‌ಎಸ್‌ಎಚ್ ಸರ್ವರ್‌ಗೆ ಎಕ್ಸ್‌ಝಡ್ ಬೇಕಾಗೇ ಇರ್ಲಿಲ್ಲ. ಕೆಲವು ಡಿಸ್ಟ್ರೋಗಳು ಲಿನಕ್ಸ್‌ನಲ್ಲಿ ಸರ್ವೀಸ್‌ಗಳನ್ನ ನೋಡ್ಕೊಳ್ಳೋ ಸಿಸ್ಟಮ್‌ಡಿಗೆ 'ನಾನು ರೆಡಿ' ಅಂತ ಹೇಳೋಕೆ ಒಂದು ಲೈಬ್ರರಿ ಸೇರಿಸಿದ್ವು, ಆ ಲೈಬ್ರರಿ ತನ್ನ ಜೊತೆಗೆ ಎಕ್ಸ್‌ಝಡ್‌ನ ಎಳ್ಕೊಂಡು ಬಂತು. ನೀವು ಕರೆದಿದ್ದು ಒಬ್ಬರನ್ನ, ಬಂದು ಕೂತಿದ್ದು ಇಬ್ಬರು. ನಿಮ್ಮ ಪ್ರಾಜೆಕ್ಟಿಗೂ ಹೀಗೆ ಬಂದವರು ಎಷ್ಟು ಜನ ಅಂತ ಒಂದ್ಸಲ ಪಟ್ಟಿ ತೆಗೀರಿ, ಬೇಡದೋರನ್ನ ಕಳಿಸಿ.

ಚೆಕ್‌ಸಮ್ ಹಾಕಿದೋರಿಗೆ ಒಂದು ಮಾತು ದಾಟಿಸಿ: ಗಿಟ್‌ಹಬ್ ತಾನೇ ಹುಟ್ಟಿಸೋ ಟ್ಯಾಗ್ ಟಾರ್‌ಬಾಲ್ ಮೇಲೆ ಚೆಕ್‌ಸಮ್ ಹಾಕಿದ್ರೆ ಒಂದಿನ ಕೈ ಕೊಡಬಹುದು. 2023ರ ಜನವರಿ 30ರಂದು ಗಿಟ್‌ನ ಕಂಪ್ರೆಷನ್ ವಿಧಾನ ಬದಲಾಗಿ, ಒಳಗಿನ ಫೈಲು ಅವೇ ಇದ್ರೂ ಚೆಕ್‌ಸಮ್ ಎಲ್ಲ ಬದಲಾಗಿ ಎಷ್ಟೋ ಕಡೆ ಬಿಲ್ಡ್ ನಿಂತುಹೋಯ್ತು, ಅದೇ ದಿನ ವಾಪಸ್ ಮೊದಲಿನ ಹಾಗೇ ಮಾಡಿದ್ರು. ಪ್ರಾಜೆಕ್ಟ್‌ನವರು ಕೈಯಾರೆ ಅಪ್‌ಲೋಡ್ ಮಾಡಿದ ಫೈಲ್ ಅಥವಾ ಗಿಟ್ ಕಮಿಟ್ ಹ್ಯಾಶ್, ಇವೆರಡರಲ್ಲಿ ಒಂದನ್ನ ಹಿಡೀರಿ.

ಪ್ರಶ್ನೆ: ಲಿನಕ್ಸ್‌ನಲ್ಲಿ ಕೂತು ಆರ್ಮ್ ಬೋರ್ಡ್‌ಗೆ ಕ್ರಾಸ್ ಕಂಪೈಲ್ (ಬೇರೆ ಥರದ ಪ್ರೊಸೆಸರ್‌ಗೆ ಬಿಲ್ಡ್) ಮಾಡ್ತಿದೀನಿ. ಕಾನ್ಫಿಗರ್ ಆಗುವಾಗ ಎಲ್ಲ ಲೈಬ್ರರಿ 'ಸಿಕ್ತು' ಅನ್ನುತ್ತೆ, ಲಿಂಕ್ ಮಾಡೋವಾಗ 'ಫಾರ್ಮ್ಯಾಟ್ ಗೊತ್ತಾಗ್ತಿಲ್ಲ' ಅನ್ನುತ್ತೆ.

ಉತ್ತರ: ಸಿಕ್ಕಿದ್ದು ನಿಮ್ಮ ಲ್ಯಾಪ್‌ಟಾಪಿನ ಇಂಟೆಲ್ ಲೈಬ್ರರಿ. ಪಿಕೆಜಿ ಕಾನ್ಫಿಗ್ ಪಾತ್ ಅನ್ನೋ ವೇರಿಯಬಲ್ ಸೆಟ್ ಮಾಡಿದೀರಿ ಅಂತ ಕಾಣುತ್ತೆ, ಅದು ಹೊಸ ಜಾಗ ಸೇರಿಸುತ್ತೆ ಅಷ್ಟೇ, ಹಳೇ ಜಾಗ ಬಿಡಲ್ಲ. ಪಿಕೆಜಿ ಕಾನ್ಫಿಗ್ ಲಿಬ್‌ಡಿರ್ ಅನ್ನೋದನ್ನ ಸೆಟ್ ಮಾಡಿ, ಅದು ಹಳೇ ಜಾಗನ ಪೂರ್ತಿ ಬದಲಾಯಿಸುತ್ತೆ, ಜೊತೆಗೆ ಸಿಸ್‌ರೂಟೂ (ಬೋರ್ಡಿನ ಲೈಬ್ರರಿ, ಹೆಡರ್ ಇರೋ ಫೋಲ್ಡರ್) ಕೊಡಿ. ಸಿಮೇಕ್ ಆದ್ರೆ ಟೂಲ್‌ಚೈನ್ ಫೈಲಲ್ಲಿ ಲೈಬ್ರರಿ ಮತ್ತೆ ಹೆಡರ್‌ಗಳನ್ನ ಸಿಸ್‌ರೂಟ್‌ನಲ್ಲಿ 'ಮಾತ್ರ' ಹುಡುಕು ಅಂತ, ಪ್ರೋಗ್ರಾಮ್‌ಗಳನ್ನ ಅಲ್ಲಿ ಹುಡುಕ್ಲೇಬೇಡ ಅಂತ ಬರೀರಿ. ಆಮೇಲೆ ಬಿಲ್ಡ್ ಫೋಲ್ಡರ್ ಅಳಿಸಿ ಹೊಸದಾಗಿ ಶುರು ಮಾಡಿ, ಸಿಮೇಕ್ ಹಳೇ ಉತ್ತರಗಳನ್ನ ಕ್ಯಾಶಲ್ಲಿ ಇಟ್ಕೊಂಡಿರುತ್ತೆ, ಇಲ್ಲಾಂದ್ರೆ ನಾನು ಹೇಳಿದ್ದು ಕೆಲಸ ಮಾಡ್ಲಿಲ್ಲ ಅಂತ ಮುಂದಿನ ತಿಂಗಳು ಮತ್ತೆ ಪತ್ರ ಬರೀತೀರಿ.